ಕಟ್ಟುವ ಗೇಮ್ ಆಡಿ ನಿಮ್ಮ ಮಕ್ಕಳು ನಿಜವಾಗಿ ಏನು ಕಲಿತರು? ಅನುಭವ ಹೇಳಿ

ಒಂಬತ್ತರ ಅಮ್ಮ:
ಮಗಳಿಗೆ ಒಂಬತ್ತು ವರ್ಷ. ಮೈನ್‌ಕ್ರಾಫ್ಟ್ (ಬ್ಲಾಕ್ ಅಗೆದು, ಜೋಡಿಸಿ ಕಟ್ಟುವ ಗೇಮ್) ಬೇಕು ಅಂತ ಮೂರು ವಾರದಿಂದ ಹಟ. ಮನೆಯಲ್ಲಿ ಒಂದು ಟ್ಯಾಬ್ ಇದೆ, ಒಂದು ಹಳೇ ಲ್ಯಾಪ್‌ಟಾಪ್ ಇದೆ. ದಿನಕ್ಕೆ ಮುಕ್ಕಾಲು ಗಂಟೆ ಅಂತ ಮಿತಿ ಹಾಕುವ ಯೋಚನೆ. ‘ಬುದ್ಧಿ ಬೆಳೆಯುತ್ತೆ’ ಅಂತ ಎಲ್ಲರೂ ಹೇಳುತ್ತಾರೆ, ಏನು ಬೆಳೆಯಿತು ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ಏನಾಯಿತು? ಟ್ಯಾಬ್‌ಗೆ ಹಾಕಲಾ, ಲ್ಯಾಪ್‌ಟಾಪ್‌ಗಾ?

ಮಗ್ಗಿ ಮಾವ:
ನನ್ನ ಮಗನಿಗೆ ಏಳರ ಮಗ್ಗಿ ಇವತ್ತಿಗೂ ತಡವರಿಸುತ್ತದೆ. 64ರ ಮಗ್ಗಿ ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ಒಂದು ಸ್ಟ್ಯಾಕ್‌ಗೆ, ಅಂದರೆ ಒಂದು ಖಾನೆಯಲ್ಲಿ ಹಿಡಿಸುವ ರಾಶಿಗೆ, 64 ಕಲ್ಲು, ಒಂದು ಪೆಟ್ಟಿಗೆಯಲ್ಲಿ 27 ಖಾನೆ, ಅಂದರೆ 1728. ಜೋಡಿ ಪೆಟ್ಟಿಗೆಗೆ 3456. ಕೋಟೆ ಗೋಡೆಗೆ ಎಷ್ಟು ಕಲ್ಲು ಬೇಕು ಅಂತ ಲೆಕ್ಕ ಹಾಕದೆ ಎರಡು ಸಲ ಅರ್ಧಕ್ಕೇ ನಿಂತುಹೋಗಿದ್ದ, ಅದರ ಫಲ. ಒಂದು ದಿನ ಏನೋ ಮಾತಿಗೆ ‘300 ಅಂದರೆ ಎಷ್ಟಾಗುತ್ತೋ’ ಅಂದೆ. ‘ನಾಲ್ಕು ಸ್ಟ್ಯಾಕ್, ಮೇಲೆ 44’ ಅಂದ. ಪೆನ್ಸಿಲ್ ಹಿಡಿದು ನೋಡಿದೆ. ಸರಿಯಾಗಿಯೇ ಇತ್ತು.

ಇನ್ನೊಂದು ಮೈನಸ್ ಸಂಖ್ಯೆ. 2021ರ ಅಪ್‌ಡೇಟ್ ಆದ ಮೇಲೆ ಗೇಮ್ ಲೋಕದ ತಳ ಎತ್ತರದ ಲೆಕ್ಕದಲ್ಲಿ ಮೈನಸ್ 64ಕ್ಕೆ ಇಳಿದಿದೆ. ವಜ್ರ ಹೆಚ್ಚಾಗಿ ಸಿಗುವುದು ತಳದ ಹತ್ತಿರ. ಮೈನಸ್ 59 ಅನ್ನೋದು ಮೈನಸ್ 20ಕ್ಕಿಂತ ಕೆಳಗೆ ಅಂತ ಅವನಿಗೆ ಯಾರೂ ಹೇಳಿಕೊಡಲಿಲ್ಲ. ಅಗೆದು ತಿಳಿದುಕೊಂಡ.

ಫೋಲ್ಡರ್ ಅಳಿಸಿದ ಅಪ್ಪ:
ಎಲ್ಲರೂ ಗಣಿತ ಅಂತೀರಿ. ನಮ್ಮ ಮನೆಯ ಕಥೆ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ಒಂದು ರಾತ್ರಿ ಫೈಲ್‌ಗಳನ್ನು ಅಳಿಸುತ್ತಾ ಕೂತಿದ್ದೆ. 2.3 ಜಿಬಿಯ ಒಂದು ಫೋಲ್ಡರ್ ಕಂಡಿತು, ಗೇಮ್‌ದು, ಹೋದರೆ ಹೋಗಲಿ ಅಂತ ತೆಗೆದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ, ಅಷ್ಟು ಶಿಸ್ತು ನನಗೆ. ಅದು ಮಗಳ ಏಳು ತಿಂಗಳ ಊರು.

ಮೂರು ರಾತ್ರಿ ರಿಕವರಿ ಸಾಫ್ಟ್‌ವೇರ್ ಹಾಕಿಕೊಂಡು ಕೂತೆ. ಮೊದಲನೆಯದು ಏನೂ ತರಲಿಲ್ಲ. ಎರಡನೆಯದು ಫೈಲ್ ಹೆಸರು ತೋರಿಸಿತು, ತೆರೆದರೆ ಖಾಲಿ. ಮೂರನೆಯದು ಒಂದಿಷ್ಟು ತಂದುಕೊಟ್ಟಿತು. ಆ ಲೋಕ ತುಂಡು ತುಂಡಾಗಿ ಸೇವ್ ಆಗುತ್ತದೆ, ಒಂದು ಫೈಲ್‌ಗೆ 512ಕ್ಕೆ 512 ಬ್ಲಾಕ್. ಸಿಗದ ತುಂಡನ್ನು ಗೇಮ್ ತಾನೇ ಮೊದಲಿನಿಂದ ಹುಟ್ಟಿಸುತ್ತದೆ. ಹಾಗಾಗಿ ಊರು ತೆರೆದಾಗ ರೈಲು ಹಳಿ ಒಂದು ಕಡೆ ಚಾಕುವಿನಲ್ಲಿ ಕೊಯ್ದ ಹಾಗೆ ನಿಂತಿತ್ತು. ಅರಮನೆ ಇದ್ದ ಕಡೆ ಹಸಿರು ಗುಡ್ಡ. ಅಲ್ಲಿಗೆ ಯಾರೂ ಬಂದೇ ಇರಲಿಲ್ಲ ಅನ್ನುವ ಹಾಗೆ. ಮಗಳು ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ಪ್ರತಿ ಭಾನುವಾರ ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಾಳೆ. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಹಾಗೆ ಬರೆದರೆ ತಾನಾಗೇ ಸಾಲಾಗಿ ನಿಲ್ಲುತ್ತವಂತೆ. ಶಾಲೆಯ ಪ್ರಾಜೆಕ್ಟ್‌ಗೂ ಅದೇ ಪದ್ಧತಿ. ನನ್ನ ಆಫೀಸಿನಲ್ಲಿ ದೊಡ್ಡವರಿಗೇ ಈ ಅಭ್ಯಾಸ ಇಲ್ಲ.

ಸರ್ವೈವಲ್ ಮಾತ್ರ:
ಮೇಲಿನವರದು ಬೇಜಾರಿನ ವಿಷಯ. ಆದರೆ ಕಳೆದುಕೊಳ್ಳುವುದೇ ಪಾಠ ಅಲ್ವಾ? ನನ್ನ ಮಗನಿಗೆ ಮೊದಲ ದಿನದಿಂದ ಸರ್ವೈವಲ್, ಅಂದರೆ ಸಾಮಾನು ತಾನೇ ಕೂಡಿಸಿ ಜೀವ ಉಳಿಸಿಕೊಳ್ಳುವ ಮೋಡ್. ಸತ್ತರೆ ಸಾಮಾನು ಉಳಿಯುವ ಆಯ್ಕೆಯನ್ನೂ ಹಾಕಲಿಲ್ಲ. ಬಿದ್ದ ಸಾಮಾನು ಐದು ನಿಮಿಷ ಇರುತ್ತದೆ, ಅಷ್ಟರಲ್ಲಿ ಓಡಿ ಹೋಗಬೇಕು. ದಾರಿ ಗುರುತು ಇಟ್ಟಿಲ್ಲ ಅಂದರೆ ಮುಗೀತು. ಆರು ವಾರ ಕೂಡಿಟ್ಟ ವಜ್ರ ಲಾವಾಕ್ಕೆ ಹೋಯಿತು. ಅತ್ತ. ಮರುದಿನದಿಂದ ಪೂರ್ತಿ ಗಂಟು ಹೊತ್ತು ಗಣಿಗೆ ಇಳಿಯುವುದನ್ನು ಬಿಟ್ಟ. ಕ್ರಿಯೇಟಿವ್ ಮೋಡ್ ಕೊಟ್ಟರೆ ಎಲ್ಲ ಪುಕ್ಕಟೆ. ಅದರಲ್ಲಿ ಕಲಿಯೋದು ಏನೂ ಇಲ್ಲ, ಸುಮ್ನೆ ಬಣ್ಣ ಬಳಿದ ಹಾಗೆ.

ಗುಮ್ಮಟದ ಅಮ್ಮ:
ಸರ್ವೈವಲ್ ಅವರೇ, ನಿಮ್ಮ ಮಗ ಧೈರ್ಯವಂತ, ಸಂತೋಷ. ನನ್ನ ಮಗ ಕ್ರೀಪರ್ (ಹತ್ತಿರ ಬಂದು ಸಿಡಿಯುವ ರಾಕ್ಷಸ) ಸದ್ದು ಕೇಳಿ ನಾಲ್ಕು ರಾತ್ರಿ ಒಬ್ಬನೇ ಮಲಗಲಿಲ್ಲ. ಅದಕ್ಕೇ ಕ್ರಿಯೇಟಿವ್‌ಗೆ ಹಾಕಿದೆ. ಬಣ್ಣ ಬಳಿಯೋದಂತೆ! ಚೌಕ ಬ್ಲಾಕ್‌ಗಳಲ್ಲಿ ದುಂಡಗಿನ ಗುಮ್ಮಟ ಕಟ್ಟಿ ನೋಡಿ, ಆಮೇಲೆ ಮಾತಾಡಿ. ಅಗಲ 20 ಇಟ್ಟರೆ ನಟ್ಟನಡುವೆ ಬ್ಲಾಕ್ ಇರುವುದಿಲ್ಲ, ಕಲಶ ಪಕ್ಕಕ್ಕೆ ಸರಿಯುತ್ತದೆ. ಅದು ಗೊತ್ತಾಗಲು ಅವನು ಮೂರು ಸಲ ಕೆಡವಿದ. ನಾಲ್ಕನೆಯದು 21.

ಆಮೇಲೆ ಫಿಲ್ ಕಮಾಂಡ್ ಕಲಿತ, ಒಂದು ಸಾಲು ಟೈಪ್ ಮಾಡಿದರೆ ಹೇಳಿದಷ್ಟು ಜಾಗಕ್ಕೆ ಬ್ಲಾಕ್ ತುಂಬುತ್ತದೆ. 40, 40, 40 ಅಂತ ಒಂದು ದೊಡ್ಡ ಘನ ಕೇಳಿದ. ಕೆಂಪು ಅಕ್ಷರದಲ್ಲಿ ಬೈಗುಳ ಬಂತು: ನೀನು ಕೇಳಿದ್ದು 64000, ಮಿತಿ 32768. ಇದೆಂಥ ಅಡ್ಡಾದಿಡ್ಡಿ ಸಂಖ್ಯೆ ಅಂತ ಎರಡು ದಿನ ತಲೆ ಕೆಡಿಸಿಕೊಂಡ. ಒಂದೊಂದೇ ಇಳಿಸುತ್ತಾ ಬಂದು, ಮೂರು ಕಡೆಯೂ 32 ಇಟ್ಟರೆ ಕರೆಕ್ಟಾಗಿ ಅಷ್ಟೇ ಅಂತ ಕೂಗಿಕೊಂಡು ಅಡುಗೆಮನೆಗೆ ಓಡಿಬಂದ. ಇಂಗ್ಲಿಷ್ ಓದಲು ಮುಖ ಸಿಂಡರಿಸುತ್ತಿದ್ದ ಹುಡುಗ ಈಗ ತಪ್ಪು ಸಂದೇಶ ಪೂರ್ತಿ ಓದುತ್ತಾನೆ. ನನ್ನ ಯಜಮಾನರು ಇವತ್ತಿಗೂ ಓದದೆ ಮುಚ್ಚುತ್ತಾರೆ.

ಸರ್ವೈವಲ್ ಮಾತ್ರ:
ಅಂದರೆ ಕಮಾಂಡ್ ಹೊಡೆದು ಕಟ್ಟಿಸಿದ್ದು. ಕೈಯಾರೆ ಕಟ್ಟಲಿಲ್ಲ.

ಗುಮ್ಮಟದ ಅಮ್ಮ:
ನೀವು ಕಾಮೆಂಟ್ ಟೈಪ್ ಮಾಡ್ತಿದ್ದೀರಲ್ಲ, ಕಲ್ಲಿನಲ್ಲಿ ಕೆತ್ತಬೇಕಿತ್ತು.

ಹನ್ನೊಂದು ಸಂಜೆ:
ರೆಡ್‌ಸ್ಟೋನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಅದು ಆ ಲೋಕದ ಕರೆಂಟು. 15 ಬ್ಲಾಕ್ ದೂರ ಹೋಗುತ್ತದೆ, ಆಮೇಲೆ ಸಾಯುತ್ತದೆ, ಮತ್ತೆ ಬಲ ಕೊಡಲು ರಿಪೀಟರ್ ಇಡಬೇಕು. ಟಾರ್ಚ್ ಇಟ್ಟರೆ ಉಲ್ಟಾ: ಒಳಗೆ ಕರೆಂಟು ಬಂದರೆ ಅದು ಆರುತ್ತದೆ. ಮಗಳು ಗುಪ್ತ ಬಾಗಿಲು ಮಾಡಲು ಹನ್ನೊಂದು ಸಂಜೆ ತೆಗೆದುಕೊಂಡಳು. ನಾನು ಪಕ್ಕದಲ್ಲಿ ಕೂತು ‘ಎಲ್ಲ ಕಿತ್ತು ಹೊಸದಾಗಿ ಮಾಡು’ ಅಂತಿದ್ದೆ. ಅವಳು ಕೇಳಲಿಲ್ಲ. ದಾರಿಯ ನಡುವೆ ಒಂದು ದೀಪ ಇಟ್ಟಳು, ಉರಿಯಿತು. ಇನ್ನೊಂದಿಷ್ಟು ಮುಂದೆ ಇಟ್ಟಳು, ಉರಿಯಲಿಲ್ಲ. ತಪ್ಪು ಈ ಎರಡರ ನಡುವೆ ಇದೆ ಅಂದಳು. ನಾನು ವೈರಿಂಗ್ ಕೆಲಸದವನು. ಹೊಸ ಹುಡುಗರಿಗೆ ಇದನ್ನು ಕಲಿಸಲು ನನಗೆ ವರ್ಷ ಹಿಡಿಯುತ್ತದೆ.

ಆಮೇಲೆ ನಾನೇ ಕೆಡಿಸಿದೆ. ಹೊಸ ಟ್ಯಾಬ್ ತಂದೆ. ಟ್ಯಾಬ್‌ನಲ್ಲಿ ಇರುವುದು ಗೇಮ್‌ನ ಬೆಡ್‌ರಾಕ್ ಆವೃತ್ತಿ, ಅವಳು ಕಲಿತದ್ದು ಕಂಪ್ಯೂಟರ್‌ನ ಜಾವಾ ಆವೃತ್ತಿ. ಅದೇ ಬಾಗಿಲನ್ನು ಅಲ್ಲಿ ಕಟ್ಟಿದರೆ ತೆರೆಯುವುದಿಲ್ಲ! ಬ್ಲಾಕ್ ತಳ್ಳುವ ಪಿಸ್ಟನ್‌ಗೆ ಮೇಲಿನ ಬ್ಲಾಕ್‌ನಿಂದ ಕರೆಂಟು ತಗಲುವ ವಿಚಿತ್ರ ಗುಣ ಜಾವಾದಲ್ಲಿ ಮಾತ್ರ. ಇನ್ನೂ ಒಂಬತ್ತು ಸಂಜೆ ಹೋಯಿತು. ಟ್ಯಾಬ್ ಈಗ ಅಜ್ಜಿ ಧಾರಾವಾಹಿ ನೋಡಲು.

ಲುವಾಂಟಿ ಹಾಕಿ:
ಎಲ್ಲರೂ ದುಡ್ಡು ಕೊಟ್ಟು ಅಳುತ್ತಿದ್ದೀರಿ. ಇದೇ ಥರದ ಬ್ಲಾಕ್ ಗೇಮ್ ಮೈನ್‌ಟೆಸ್ಟ್ ಅಂತ ಇತ್ತಲ್ಲ, 2024ರಲ್ಲಿ ಲುವಾಂಟಿ ಅಂತ ಹೆಸರಾಯಿತು. ಉಚಿತ, ಮುಕ್ತ. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ನನ್ನ ಮಗ ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಾನೇ ಒಂದು ಬ್ಲಾಕ್ ಮಾಡಿದ.

ಮಗ್ಗಿ ಮಾವ:
ಅವನ ಸ್ನೇಹಿತರು ಯಾರಾದರೂ ಅದನ್ನು ಆಡುತ್ತಾರಾ?

ಲುವಾಂಟಿ ಹಾಕಿ:
ಅದು ಬೇರೆ ವಿಷಯ.

ಹದಿನಾಲ್ಕು ನಿಯಮ:
ಅದೇ ಮುಖ್ಯ ವಿಷಯ ಸಾರ್. ನಮ್ಮ ಮನೆಯಲ್ಲಿ ಇಬ್ಬರು, ಜೊತೆಗೆ ದಾಯಾದಿಗಳ ಮಕ್ಕಳು ಮೂವರು, ಎಲ್ಲರಿಗೂ ಒಂದೇ ಲೋಕ. ಎರಡನೇ ವಾರವೇ ಕಳ್ಳತನ. ಚಿಕ್ಕವನ ಪೆಟ್ಟಿಗೆಯಿಂದ ಕಬ್ಬಿಣ ಹೋಯಿತು. ಬೈದಾಟ, ನಿಜವಾದ ಏಟು, ಒಂದು ಕನ್ನಡಕ ಮುರಿಯಿತು. ಐದು ದಿನ ಆಟ ಬಂದ್. ಆಮೇಲೆ ಅವರೇ ಕೂತು ಗೇಮ್ ಒಳಗಿನ ಪುಸ್ತಕದಲ್ಲಿ ಹದಿನಾಲ್ಕು ನಿಯಮ ಬರೆದರು. ಮೂರನೆಯದು: ಸಾಲ ತೆಗೆದುಕೊಂಡರೆ ಬೋರ್ಡ್ ನೆಡಬೇಕು. ಒಂಬತ್ತನೆಯದು: ಬೇರೆಯವರ ಗೋಡೆಯಿಂದ ಹತ್ತು ಬ್ಲಾಕ್ ಬಿಟ್ಟು ಅಗೆಯಬೇಕು. ನಮ್ಮ ಅಣ್ಣತಮ್ಮಂದಿರ ಜಮೀನು ಭಾಗದ ಮಾತುಕತೆ ಇಷ್ಟು ಚೆನ್ನಾಗಿ ನಡೆದಿರಲಿಲ್ಲ, ಆ ಕಥೆ ಬಿಡಿ.

ಮೇಡಂ, ನಿಮ್ಮ ಮುಕ್ಕಾಲು ಗಂಟೆ ನಡೆಯಲ್ಲ. ಗೇಮ್‌ನ ಒಂದು ದಿನ ಅಂದರೆ 20 ನಿಮಿಷ. ಎರಡು ದಿನ ಮುಗಿದು ಐದು ನಿಮಿಷ ಉಳಿಯುತ್ತದೆ, ಅಷ್ಟರಲ್ಲಿ ಜಗಳ ಬಗೆಹರಿಯುವುದಿಲ್ಲ.

ಸರ್ವೈವಲ್ ಮಾತ್ರ:
ನಿಯಮ ಬರೆದರೆ ಕಳ್ಳತನ ನಿಂತಿತಾ?

ಹದಿನಾಲ್ಕು ನಿಯಮ:
ಇಲ್ಲ. ಬೋರ್ಡ್ ನೆಟ್ಟು ಕದಿಯುತ್ತಾರೆ.

ಒಂಬತ್ತರ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಲ್ಯಾಪ್‌ಟಾಪ್‌ಗೆ ಜಾವಾ ಹಾಕಿದೆ. ಮೊದಲ ರಾತ್ರಿ ಕಲ್ಲಿನ ಮನೆ ಕಟ್ಟಿ, ಬಾಗಿಲು ಇಡೋದು ಮರೆತು ಒಳಗೇ ಸಿಕ್ಕಿಕೊಂಡಿದ್ದಾಳೆ. ಗುದ್ದಲಿಯೂ ಹೊರಗೇ ಇದೆಯಂತೆ. ಏನು ಮಾಡೋದು?

ಸರ್ವೈವಲ್ ಮಾತ್ರ:
ಬರಿಗೈಯಲ್ಲಿ ಒಡೆಯಲಿ, ನಿಧಾನ ಆದರೂ ಆಗುತ್ತದೆ. ಕ್ರಿಯೇಟಿವ್‌ಗೆ ಮಾತ್ರ ಹಾಕಬೇಡಿ.

ಗುಮ್ಮಟದ ಅಮ್ಮ:
ಶುರುವಾಯಿತು.

ಫೋಲ್ಡರ್ ಅಳಿಸಿದ ಅಪ್ಪ:
ಬಾಗಿಲು ಆಮೇಲೆ ನೋಡೋಣ. ಸೇವ್ ಆಗುವ ಫೋಲ್ಡರ್ ಎಲ್ಲಿದೆ ಅಂತ ಬರೆದಿಟ್ಟುಕೊಂಡಿರಾ?