ಸಹಾಯ ಬೇಕು: ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮಿಗೆ ವೆಲ್ಡಿಂಗ್ ಮಾಡಿಸಬಹುದೇ?

ಎಲ್ಲರಿಗೂ ನಮಸ್ಕಾರ. ನನ್ನ ಸೈಕಲ್ಲಿನ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಫ್ರೇಮಿನಲ್ಲಿ, ಪೆಡಲಿನ ಅಚ್ಚು ಕೂರುವ ಜಾಗದ ವೆಲ್ಡಿಂಗ್ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಕಾಣಿಸಿಕೊಂಡಿದ್ದು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅದು ಬರೀ ಬಣ್ಣದ ಬಿರುಕಲ್ಲವೆಂದು ನನ್ನ ಅನುಮಾನ. ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಲೋಹ ಕರಗಿಸಿ ಬೆಸೆಯುವ ವಿಧಾನ) ಮಾಡಿಕೊಡುವುದಾಗಿ ವರ್ಕ್‌ಶಾಪಿನವರು ಹೇಳುತ್ತಾರೆ. ಆದರೆ ಆ ಶಾಖಕ್ಕೆ ಈ ಮಿಶ್ರಲೋಹವು ಟಿ6 ಹದವನ್ನು (ಕುಲುಮೆಯಲ್ಲಿ ಕಾಯಿಸಿ ತಣಿಸಿ ಬರಿಸಿದ ಗಟ್ಟಿತನವನ್ನು) ಕಳೆದುಕೊಂಡು ಮೆತ್ತಗಾಗುವುದರಿಂದ, ಕಾರ್ಖಾನೆಯಲ್ಲಿ ಮಾಡುವಂತೆ ಇಡೀ ಫ್ರೇಮನ್ನು ಮತ್ತೆ ಕುಲುಮೆಯಲ್ಲಿ ಕಾಯಿಸಿ ಹದಗೊಳಿಸದೆ ಚಾಮುಂಡಿ ಬೆಟ್ಟ ಇಳಿಯಲು ನನಗೆ ಧೈರ್ಯವಿಲ್ಲ. (ಉಕ್ಕಿನದಾಗಿದ್ದರೆ ಇಷ್ಟು ಯೋಚಿಸುತ್ತಲೇ ಇರಲಿಲ್ಲ.) ಮೈಸೂರು ಅಥವಾ ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿದ್ದರೆ ದಯವಿಟ್ಟು ತಿಳಿಸಿ. ಇಲ್ಲವಾದರೆ 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಉಕ್ಕಿನ ಫ್ರೇಮ್ ಕೊಳ್ಳುವ ಆಲೋಚನೆಯಿದೆ. ಬಳಸಿದ ಕಾರ್ಬನ್ ಫ್ರೇಮೊಂದು ಅಗ್ಗಕ್ಕೆ ಸಿಗುತ್ತಿದೆಯಾದರೂ, ಪೆಟ್ಟು ಬಿದ್ದಿದ್ದರೆ ಹೊರಗೆ ಏನೂ ಕಾಣದೆ ಒಳಪದರಗಳು ಬಿಟ್ಟುಕೊಂಡಿರಬಹುದಾದ್ದರಿಂದ, ಅದನ್ನು ಪರೀಕ್ಷಿಸಬಲ್ಲವರು ಯಾರೆಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.