ಡ್ರಿಲ್ ಟೀಮಿನ ಮಗಳನ್ನು ಹಾಫ್‌ಟೈಮ್ ಪ್ರದರ್ಶನಕ್ಕೆ ಬೇರೆ ರಾಜ್ಯಕ್ಕೆ ಕಳುಹಿಸುವ ಮುನ್ನ ಏನೇನು ವಿಚಾರಿಸಬೇಕು?

ಪ್ರಶ್ನೆ: ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಸ್‌ನ ಡಲ್ಲಾಸಿನ ಉತ್ತರದ ಉಪನಗರವೊಂದರಲ್ಲಿ ನೆಲೆಸಿದ್ದೇವೆ. ನಮ್ಮ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿರುವ ಅವಳು ಕಳೆದ ವರ್ಷ ಶಾಲೆಯ ಡ್ರಿಲ್ ಟೀಮಿಗೆ (ಪಂದ್ಯಗಳ ವೇಳೆ ಮೈದಾನದಲ್ಲಿ ಸಾಲುಗಟ್ಟಿ ಕುಣಿಯುವ ನೃತ್ಯತಂಡ) ಆಯ್ಕೆಯಾದಳು. ಶುಕ್ರವಾರ ರಾತ್ರಿಯ ಅಮೆರಿಕನ್ ಫುಟ್‌ಬಾಲ್ ಪಂದ್ಯ, ಅದರ ನಡುವಿನ ವಿರಾಮವಾದ ಹಾಫ್‌ಟೈಮಿನ ಹೈ ಕಿಕ್ (ಕಾಲನ್ನು ಎತ್ತರಕ್ಕೆ ಚಿಮ್ಮುವ ನೃತ್ಯ), ಬೆಳಗಿನ ಆರು ಗಂಟೆಯ ಅಭ್ಯಾಸ, ಇವೆಲ್ಲಕ್ಕೂ ಮನೆಯವರೆಲ್ಲ ಈಗ ಒಗ್ಗಿಕೊಂಡಿದ್ದೇವೆ.

ಈಗ ಎದುರಾಗಿರುವ ವಿಷಯ ಬೇರೆ. ಬೇಸಿಗೆಯ ಶಿಬಿರದಲ್ಲಿ ಅವಳಿಗೆ "ಆಲ್-ಅಮೆರಿಕನ್" ಎಂಬ ಮನ್ನಣೆ ದೊರೆತಿದೆಯೆಂದೂ, ವರ್ಷಾಂತ್ಯದಲ್ಲಿ ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ನಡೆಯುವ ಕಾಲೇಜು ಬೌಲ್ ಪಂದ್ಯವೊಂದರ (ಋತುವಿನ ಕೊನೆಯ ವಿಶೇಷ ಫುಟ್‌ಬಾಲ್ ಪಂದ್ಯ) ಹಾಫ್‌ಟೈಮಿನಲ್ಲಿ ಬೇರೆ ಬೇರೆ ಶಾಲೆಗಳ ಡ್ಯಾನ್ಸ್ ಮತ್ತು ಚಿಯರ್ (ಕಸರತ್ತು ಮಾಡಿ ಹುರಿದುಂಬಿಸುವ ತಂಡ) ವಿದ್ಯಾರ್ಥಿಗಳೊಂದಿಗೆ ಪ್ರದರ್ಶನ ನೀಡಲು ಅವಳು ಅರ್ಹಳೆಂದೂ ಪತ್ರ ಬಂದಿದೆ. ವಿಮಾನದ ಟಿಕೆಟ್ ಬಿಟ್ಟು ಕೇಳಿರುವ ಮೊತ್ತವೇ 2,000 ಡಾಲರನ್ನು ದಾಟುತ್ತದೆ. ಇದರ ಜೊತೆಗೆ, ಶಾಲೆಯ ತಂಡವೇ ಫೆಬ್ರವರಿಯಲ್ಲಿ ಒಂದು ಎನ್‌ಬಿಎ (ವೃತ್ತಿಪರ ಬ್ಯಾಸ್ಕೆಟ್‌ಬಾಲ್) ಪಂದ್ಯದ ಹಾಫ್‌ಟೈಮಿಗೆ ಬಸ್ಸಿನಲ್ಲಿ ಹೋಗುವ ಮಾತೂ ಇದೆ. ಎರಡಕ್ಕೂ ಹಣ ಹೊಂದಿಸುವುದು ನಮಗೆ ಕಷ್ಟ.

ಇದು ನಿಜವಾದ ಗೌರವವೋ ಅಥವಾ ವ್ಯಾಪಾರವೋ ಎಂಬುದು ನನ್ನ ಮೊದಲ ಸಂದೇಹ. ಹದಿನಾರರ ಹುಡುಗಿಯನ್ನು ಯಾರ ಹೊಣೆಗಾರಿಕೆಯಲ್ಲಿ ಕಳುಹಿಸಿದಂತಾಗುತ್ತದೆ, ನಾವು ಎಚ್-1ಬಿ (ಉದ್ಯೋಗ) ಮತ್ತು ಎಚ್-4 (ಅವಲಂಬಿತರ) ವೀಸಾದಲ್ಲಿ ಇರುವುದರಿಂದ ಏನಾದರೂ ತೊಡಕಿದೆಯೇ, ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು. ಡಿಸೆಂಬರಿನಲ್ಲಿ ಹಾಸನದಿಂದ ನನ್ನ ಅತ್ತೆ-ಮಾವನವರು ಬರುತ್ತಿದ್ದಾರೆ. ಮೊಮ್ಮಗಳು ಮನೆಯಲ್ಲೇ ಇರುವುದಿಲ್ಲವೆಂದರೆ ಅವರಿಗೆ ಏನು ಹೇಳುವುದೆಂಬ ಚಿಂತೆ ಬೇರೆ.

ಉತ್ತರ: ಕಾಫಿತೋಟದವಳು

ಹೇಮಾವತಿ ಅವರೇ, ನಿಮ್ಮ ಎಲ್ಲ ಪ್ರಶ್ನೆಗಳಿಗೂ ಮೂಲವಾದ ಒಂದು ಪ್ರಶ್ನೆ ಇದೆ: ಇದು ಶಾಲೆಯ ಪ್ರವಾಸವೇ, ಅಥವಾ ಖಾಸಗಿ ಸಂಸ್ಥೆಯ ಪ್ರವಾಸದಲ್ಲಿ ನಿಮ್ಮ ಮಗಳು ಸ್ವಂತ ನೆಲೆಯಲ್ಲಿ ಭಾಗವಹಿಸುವುದೇ? ಡ್ರಿಲ್ ಟೀಮಿನ ಡೈರೆಕ್ಟರರಿಗೆ ಇಂದೇ ಇಮೇಲ್ ಬರೆದು ಇದನ್ನು ಲಿಖಿತವಾಗಿ ಕೇಳಿ. ಶಾಲೆಯ ಪ್ರವಾಸವಾದರೆ ಡಿಸ್ಟ್ರಿಕ್ಟಿನ (ಶಾಲೆಗಳ ಆಡಳಿತ ಮಂಡಳಿಯ) ಅನುಮತಿ, ಹಿನ್ನೆಲೆ ಪರಿಶೀಲನೆಯಾದ ಶಾಪರೋನ್‌ಗಳು (ಮಕ್ಕಳನ್ನು ನೋಡಿಕೊಳ್ಳಲು ಜೊತೆಗೆ ಹೋಗುವ ಹಿರಿಯರು), ವೈದ್ಯಕೀಯ ಒಪ್ಪಿಗೆ ಪತ್ರ, ಗೈರುಹಾಜರಿಯ ಮನ್ನಣೆ ಎಲ್ಲಕ್ಕೂ ಒಂದು ಸಿದ್ಧ ವ್ಯವಸ್ಥೆ ಇರುತ್ತದೆ. ಖಾಸಗಿ ಪ್ರವಾಸವಾದರೆ ಶಿಬಿರದಲ್ಲಿ ಕಲಿಸಿದ ಪರಿಚಿತ ಮುಖಗಳೇ ಅಲ್ಲಿದ್ದರೂ ಡಿಸ್ಟ್ರಿಕ್ಟಿಗೆ ಅದರಲ್ಲಿ ಯಾವ ಪಾತ್ರವೂ ಇರುವುದಿಲ್ಲ. ಇಂಥ ಪ್ರವಾಸಗಳಲ್ಲಿ ಮಗುವಿನೊಂದಿಗೆ ಪೋಷಕರೊಬ್ಬರು ಅಥವಾ ಅವರು ಒಪ್ಪಿದ ಹಿರಿಯರೊಬ್ಬರು ಇರಲೇಬೇಕೆಂಬ ಷರತ್ತು ಇದೆಯೇ ಎಂದು ಓದಿ ನೋಡಿ. ಇದ್ದರೆ ಖರ್ಚು ಇಬ್ಬರದಾಗುತ್ತದೆ.

ಗೌರವವೋ ವ್ಯಾಪಾರವೋ ಎಂದು ಕೇಳಿದ್ದೀರಿ. ಎರಡೂ ಹೌದು ಎಂದೇ ಹೇಳಬೇಕು. ಶಿಬಿರದಲ್ಲಿ ಬೋಧಕರು ಮಕ್ಕಳ ಜಿಗಿತ, ತಿರುವು, ತಾಳಜ್ಞಾನವನ್ನು ನೋಡಿಯೇ ಆರಿಸುತ್ತಾರೆ, ಅದು ಸುಳ್ಳಲ್ಲ. ಆದರೆ ಹಾಗೆ ಆಯ್ಕೆಯಾದವರು ದೇಶದಾದ್ಯಂತ ಬಹಳ ಮಂದಿ ಇರುತ್ತಾರೆ, ಮತ್ತು ಹಣ ಕಟ್ಟಿದವರಷ್ಟೇ ಮೈದಾನಕ್ಕೆ ಇಳಿಯುತ್ತಾರೆ.

ಸಮಯದ ಲೆಕ್ಕವನ್ನೂ ಮಗಳೊಂದಿಗೆ ಮೊದಲೇ ಮಾತನಾಡಿಕೊಳ್ಳಿ. ಕಾಲೇಜು ಫುಟ್‌ಬಾಲಿನ ಹಾಫ್‌ಟೈಮ್ ಸಾಮಾನ್ಯವಾಗಿ 20 ನಿಮಿಷ. ಅದರಲ್ಲೇ ವಿಶ್ವವಿದ್ಯಾಲಯಗಳ ಮಾರ್ಚಿಂಗ್ ಬ್ಯಾಂಡುಗಳಿಗೂ ಜಾಗ ಕೊಡಬೇಕು, ಪ್ರಾಯೋಜಕರ ಕಾರ್ಯಕ್ರಮವಿದ್ದರೆ ಅದಕ್ಕೂ. ಉಳಿದ ಕೆಲವೇ ನಿಮಿಷಗಳಲ್ಲಿ ನೂರಾರು ಮಕ್ಕಳು ಒಟ್ಟಿಗೆ ಓಡಿ ಬಂದು, ಕುಣಿದು, ಓಡಿ ಹೋಗಬೇಕು. ನಾನು ಶಾಲೆಯೊಂದರ ತಂಡದೊಂದಿಗೆ ಶಾಪರೋನ್ ಆಗಿ ಕ್ರೀಡಾಂಗಣದ ಸುರಂಗದಲ್ಲಿ ಕಾದವಳು. ಬನ್ ಕಟ್ಟಿದ ತಲೆಗಳ ಸಾಲು, ಒಂದೇ ಬಣ್ಣದ ಲಿಪ್‌ಸ್ಟಿಕ್ಕು, ಕೈಯಲ್ಲಿ ಪಾಮ್ಸ್ (ಹೊಳೆಯುವ ಕುಚ್ಚುಗಳು) ಹಿಡಿದು ನೆಲದ ಮೇಲೆ ಕುಳಿತು ಬಾಯಲ್ಲೇ "ಫೈವ್, ಸಿಕ್ಸ್, ಸೆವೆನ್, ಎಯ್ಟ್" ಎಂದು ಎಣಿಸಿಕೊಳ್ಳುವ ಹುಡುಗಿಯರು. ಹೊರಗೆ ಪಂದ್ಯ ಹೇಗೆ ಸಾಗುತ್ತಿದೆಯೆಂಬುದು ಯಾರಿಗೂ ಕಾಣುವುದಿಲ್ಲ, ಕೂಗು ಮಾತ್ರ ಕೇಳಿಸುತ್ತದೆ. ಹಾಫ್‌ಟೈಮಿಗೆ ಮುಂಚಿನ ಎರಡನೆಯ ಕ್ವಾರ್ಟರ್ ಆರಂಭವಾದ ಮೇಲೆ ಶೌಚಾಲಯಕ್ಕೆ ಬಿಡುವುದಿಲ್ಲ, ಆದ್ದರಿಂದ ನೀರು ಕುಡಿಯಲು ಹೆದರುತ್ತಾರೆ. ಅದನ್ನು ಗಮನಿಸಿ ಗುಟುಕು ಗುಟುಕಾಗಿ ಕುಡಿಸುವುದೇ ಅಲ್ಲಿ ನಮ್ಮ ಮುಖ್ಯ ಕೆಲಸವಾಗಿತ್ತು.

ಉತ್ತರ: ಹೈಕಿಕ್_ಹುಡುಗಿ

ನಾನು ಹ್ಯೂಸ್ಟನ್ ಕಡೆಯ ಶಾಲೆಯೊಂದರ ಡ್ರಿಲ್ ಟೀಮಿನಲ್ಲಿದ್ದು ಈಗ ಕಾಲೇಜಿನಲ್ಲಿ ಓದುತ್ತಿದ್ದೇನೆ. ಆಂಟಿ, ಮಗಳ ಕಡೆಯಿಂದಲೂ ಒಂದೆರಡು ಮಾತು ಹೇಳಲು ಅನುಮತಿ ಕೊಡಿ.

ಟೆಕ್ಸಸ್‌ನಲ್ಲಿ ಹಾಫ್‌ಟೈಮ್ ನೃತ್ಯ ಫುಟ್‌ಬಾಲಿಗೆ ಹಚ್ಚಿದ ಅಲಂಕಾರ ಮಾತ್ರವಲ್ಲ. ಡಲ್ಲಾಸಿನ ಪೂರ್ವಕ್ಕಿರುವ ಕಿಲ್ಗೋರ್ ಕಾಲೇಜಿನಲ್ಲಿ ಗಸ್ಸಿ ನೆಲ್ ಡೇವಿಸ್ ಎಂಬ ಶಿಕ್ಷಕಿ 1940ರಲ್ಲಿ ರೇಂಜರೆಟ್ಸ್ ಎಂಬ ಡ್ರಿಲ್ ತಂಡವನ್ನು ಮೈದಾನಕ್ಕೆ ಇಳಿಸಿದರು. ಕಾಲೇಜಿಗೆ ಹೆಣ್ಣುಮಕ್ಕಳನ್ನು ಸೆಳೆಯುವುದು ಒಂದು ಉದ್ದೇಶವಾಗಿತ್ತು. ವಿರಾಮದಲ್ಲಿ ಪ್ರೇಕ್ಷಕರು ಎದ್ದು ಹೋಗಿ ಗ್ಯಾಲರಿಯ ಕೆಳಗೆ ಮದ್ಯ ಸೇವಿಸುವುದನ್ನು ತಪ್ಪಿಸುವುದು ಇನ್ನೊಂದು. ಇಂದು ನಮ್ಮ ಶಾಲೆಗಳಲ್ಲಿ ಕಾಣುವ ಹೈ ಕಿಕ್ ಸಾಲು, ಟೊಪ್ಪಿ, ಬೂಟುಗಳ ಪರಂಪರೆ ಅಲ್ಲಿಂದ ಬಂದದ್ದು. ಪ್ರವಾಸವೂ ಆ ಪರಂಪರೆಯದೇ ಭಾಗ; ರೇಂಜರೆಟ್ಸ್ ಕಾಟನ್ ಬೌಲ್ ಪಂದ್ಯದಲ್ಲಿಯೂ ನ್ಯೂಯಾರ್ಕಿನ ಮೇಸಿಸ್ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಲ್ಲಿಯೂ ಕುಣಿದವರು, ವಿದೇಶಗಳಿಗೂ ಹೋಗಿಬಂದವರು. ಆದ್ದರಿಂದ ಮಗಳು ಆರ್ಲ್ಯಾಂಡೊ ಎಂದು ಹಟ ಹಿಡಿದರೆ ಅದು ಡಿಸ್ನಿ ನೋಡುವ ಆಸೆಯೊಂದೇ ಇರಲಾರದು (ಅದೂ ಸ್ವಲ್ಪ ಇದ್ದೇ ಇರುತ್ತದೆ).

ಆದರೆ ನನ್ನ ಅಭಿಪ್ರಾಯ ಕೇಳಿದರೆ ಫೆಬ್ರವರಿಯ ಪ್ರವಾಸವನ್ನೇ ಆರಿಸಲು ಹೇಳುತ್ತೇನೆ. ಬೌಲ್ ಪಂದ್ಯದಲ್ಲಿ ಕುಣಿಯುವುದು ಯಾರೋ ಸಂಯೋಜಿಸಿದ, ವೀಡಿಯೊ ನೋಡಿ ಮನೆಯಲ್ಲಿ ಕಲಿತ, ಅಲ್ಲಿ ಒಂದೆರಡು ದಿನ ತಿದ್ದಿಕೊಂಡ ನೃತ್ಯವನ್ನು. ಗೆಳತಿಯರೊಂದಿಗೆ ಇಡೀ ಋತು ಬೆವರು ಸುರಿಸಿ ಕಟ್ಟಿದ ನೃತ್ಯವನ್ನು ದೊಡ್ಡ ಅಂಗಳದಲ್ಲಿ ಆಡುವ ಹೆಮ್ಮೆಯೇ ಬೇರೆ. ಹನ್ನೊಂದನೆಯ ತರಗತಿಯಲ್ಲಿ ಆಫೀಸರ್ (ತಂಡದ ನಾಯಕಿಯರಲ್ಲೊಬ್ಬಳು) ಹುದ್ದೆಗೆ ಪ್ರಯತ್ನಿಸುವ ಮನಸ್ಸಿದ್ದರೆ ತಂಡದ ಪ್ರವಾಸದಲ್ಲಿ ಇಲ್ಲದಿರುವುದು ಒಳ್ಳೆಯದಲ್ಲ.

ಓದಿನ ವಿಷಯ: ಟೆಕ್ಸಸ್‌ನ "ನೋ ಪಾಸ್, ನೋ ಪ್ಲೇ" ನಿಯಮ ಡ್ರಿಲ್ ಟೀಮಿಗೂ ಚಿಯರ್‌ಗೂ ಅನ್ವಯಿಸುತ್ತದೆ. ಗ್ರೇಡಿಂಗ್ ಅವಧಿಯ ಕೊನೆಯಲ್ಲಿ ವಿನಾಯಿತಿಯಿಲ್ಲದ ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಅಭ್ಯಾಸ ಮಾಡಬಹುದು, ಆದರೆ ಕನಿಷ್ಠ ಮೂರು ವಾರ ಪ್ರದರ್ಶನಕ್ಕೆ ನಿಲ್ಲುವಂತಿಲ್ಲ. ಫೆಬ್ರವರಿಯ ಪ್ರವಾಸಕ್ಕೆ ಇದು ನೇರವಾಗಿ ತಟ್ಟುತ್ತದೆ. ಕಟ್ಟಿದ ಹಣ ಆಗ ಹಿಂದಿರುಗುತ್ತದೆಯೇ ಎಂದು ಕೇಳಿಟ್ಟುಕೊಳ್ಳಿ. ನಮ್ಮ ತಂಡದಲ್ಲಿ ಒಬ್ಬಳಿಗೆ ಕೆಮಿಸ್ಟ್ರಿಯಿಂದಾಗಿ ಬಸ್ಸು ತಪ್ಪಿತು, ಹಣವೂ ಹೋಯಿತು.

ಉತ್ತರ: ತಟ್ಟುಮೆಟ್ಟು

ನಾನು ನೃತ್ಯ ಶಿಕ್ಷಕಿ. ಹಲವು ಎನ್‌ಬಿಎ ತಂಡಗಳು ಬಾಲಿವುಡ್ ನೈಟ್ ಅಥವಾ ಭಾರತೀಯ ಪರಂಪರೆಯ ಸಂಜೆಗಳನ್ನು ನಡೆಸುವುದರಿಂದ ನನ್ನ ವಿದ್ಯಾರ್ಥಿನಿಯರೂ ಅಂಥ ಅಂಗಳದಲ್ಲಿ ಕುಣಿದಿದ್ದಾರೆ. ಅದರ ಒಳಗಿನ ಲೆಕ್ಕ ನಿಮಗೆ ತಿಳಿದಿರಲಿ. ಅಂಗಳದಲ್ಲಿ ಕುಣಿಯಲು ಸಾಮಾನ್ಯವಾಗಿ ಬೇರೆ ಶುಲ್ಕವಿರುವುದಿಲ್ಲ, ಬದಲಿಗೆ ಇಂತಿಷ್ಟು ಟಿಕೆಟ್‌ಗಳನ್ನು ನಿಮ್ಮ ತಂಡದವರೇ ಮಾರಬೇಕು. ನಿಮ್ಮನ್ನು ಸಂಪರ್ಕಿಸುವವರು ಕ್ಲಬ್ಬಿನ ಗುಂಪು ಟಿಕೆಟ್ ಮಾರಾಟ ವಿಭಾಗದವರು ಎಂಬುದರಿಂದಲೇ ಇದು ಅರ್ಥವಾಗುತ್ತದೆ. ಕುಣಿಯುವ ಮಕ್ಕಳಿಗೂ ಟಿಕೆಟ್ ಬೇಕೇ, ಗುರಿ ಮುಟ್ಟದಿದ್ದರೆ ಹಾಫ್‌ಟೈಮಿನ ಬದಲು ಪಂದ್ಯಕ್ಕೆ ಮುಂಚೆ, ಪ್ರೇಕ್ಷಕರು ಇನ್ನೂ ಪಾರ್ಕಿಂಗ್ ಹುಡುಕುತ್ತಿರುವಾಗ ಕುಣಿಸುತ್ತಾರೆಯೇ, ಇವೆರಡನ್ನೂ ಸಹಿ ಹಾಕುವ ಮುನ್ನ ಕೇಳಿಕೊಳ್ಳಬೇಕು.

ಎನ್‌ಬಿಎ ಹಾಫ್‌ಟೈಮ್ 15 ನಿಮಿಷ. ಆಟಗಾರರು ಅದಕ್ಕೂ ಮುಂಚೆಯೇ ಹಿಂದಿರುಗಿ ಬುಟ್ಟಿಗೆ ಚೆಂಡು ಎಸೆಯಲು ತೊಡಗುವುದರಿಂದ ವಿದ್ಯಾರ್ಥಿ ತಂಡಗಳಿಗೆ ಸಿಗುವುದು ಮೂರು-ನಾಲ್ಕು ನಿಮಿಷ. ಅಂಗಳ 94 ಅಡಿ ಉದ್ದ, 50 ಅಡಿ ಅಗಲ. ಫುಟ್‌ಬಾಲ್ ಮೈದಾನಕ್ಕೆಂದು ಹರಡಿ ಕಟ್ಟಿದ ಸಾಲುಗಳನ್ನು ಇಲ್ಲಿ ಮಡಚಲೇಬೇಕು. ಜೊತೆಗೆ ಪ್ರೇಕ್ಷಕರು ನಾಲ್ಕೂ ಕಡೆ ಇರುತ್ತಾರೆ. ಗೆಜ್ಜೆ ಕಟ್ಟಿ ಒಂದೇ ದಿಕ್ಕಿಗೆ ಮುಖ ಮಾಡಿ ಕಲಿತ ನಮ್ಮ ಮಕ್ಕಳಿಗೆ "ಯಾವ ಕಡೆ ಎದುರು?" ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಒಂದು ವಾರ ಹಿಡಿಯುತ್ತದೆ.

ಡ್ರಿಲ್ ಟೀಮಿನೊಂದಿಗೆ ಚಿಯರ್ ತಂಡವೂ ಹೋಗುವುದಾದರೆ ಅಲ್ಲಿನ ಪೋಷಕರಿಗೊಂದು ಮಾತು. 2006ರ ಮಾರ್ಚಿನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರ ವೇಳೆ ದಕ್ಷಿಣ ಇಲಿನಾಯ್ ವಿಶ್ವವಿದ್ಯಾಲಯದ ಚಿಯರ್ ವಿದ್ಯಾರ್ಥಿನಿಯೊಬ್ಬಳು ಪಿರಮಿಡ್ಡಿನ ತುದಿಯಿಂದ ಗಟ್ಟಿ ನೆಲಕ್ಕೆ ಬಿದ್ದು ತೀವ್ರವಾಗಿ ಗಾಯಗೊಂಡಳು. ಅದಾದ ಮೇಲೆ ಹಾಸುಮ್ಯಾಟ್ ಇಲ್ಲದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಬ್ಯಾಸ್ಕೆಟ್ ಟಾಸ್‌ನಂಥ (ಒಬ್ಬಳನ್ನು ಉಳಿದವರು ಸೇರಿ ಮೇಲಕ್ಕೆಸೆದು ಹಿಡಿಯುವ) ಎಸೆತಗಳನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸಲಾಯಿತು. ಹುಲ್ಲಿನ ಮೈದಾನದಲ್ಲಿ ಮಾಡುತ್ತಿದ್ದುದನ್ನೆಲ್ಲ ಅಂಗಳದಲ್ಲೂ ಮಾಡುತ್ತೇವೆಂದು ಯಾವ ಕೋಚ್ ಹೇಳಿದರೂ ಒಪ್ಪಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಚಿಯರ್ ಅನ್ನು ಕ್ರೀಡೆಯೆಂದು ಪರಿಗಣಿಸಿ ಅದಕ್ಕೆ ತಕ್ಕ ವೈದ್ಯಕೀಯ ವ್ಯವಸ್ಥೆ ಇರಬೇಕೆಂದು ಹೇಳಿದೆ. ಪ್ರವಾಸದಲ್ಲಿ ಅಥ್ಲೆಟಿಕ್ ಟ್ರೈನರ್ (ಗಾಯಗಳನ್ನು ನೋಡಿಕೊಳ್ಳುವ ತಜ್ಞರು) ಜೊತೆಗಿರುತ್ತಾರೆಯೇ ಎಂದು ಕೇಳುವ ಹಕ್ಕು ಪೋಷಕರಿಗೆ ಇದ್ದೇ ಇದೆ.

ಉತ್ತರ: ಲೆಕ್ಕಪತ್ರ_ರಾಯರು

ಹಣ ಮತ್ತು ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಎರಡು ವರ್ಷ ನಮ್ಮ ಶಾಲೆಯ ಬೂಸ್ಟರ್ ಕ್ಲಬ್ಬಿನ (ತಂಡದ ನೆರವಿಗೆ ಪೋಷಕರು ನಡೆಸುವ ಸಂಘ) ಖಜಾಂಚಿಯಾಗಿದ್ದೆ.

ತಂಡದ ಪ್ರವಾಸಕ್ಕೆ ಬೂಸ್ಟರ್ ಕ್ಲಬ್ ಹಣ ಸಂಗ್ರಹಿಸುತ್ತದೆ: ಕಾರ್ ವಾಷ್, ಕುಕ್ಕಿ ಹಿಟ್ಟಿನ ಮಾರಾಟ, ಪಂದ್ಯದ ದಿನ ತಿಂಡಿ ಮಳಿಗೆಯಲ್ಲಿ ದುಡಿಮೆ. ಅಲ್ಲಿ "ನೀವು ಇಷ್ಟು ಮಾರಿದರೆ ನಿಮ್ಮ ಮಗಳ ಖಾತೆಗೆ ಇಷ್ಟು ಜಮೆ" ಎಂಬ ಪದ್ಧತಿ ಇದ್ದರೆ ಎಚ್ಚರವಾಗಿರಿ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಹೀಗೆ ಮಾಡುವಂತಿಲ್ಲ. ವರ್ಜೀನಿಯಾದ ಕ್ಯಾಪಿಟಲ್ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ ಇದೇ ರೀತಿ ಅಂಕ ಕೊಟ್ಟು, ಹಣ ಸಂಗ್ರಹಿಸಿದ ಪೋಷಕರ ಮಕ್ಕಳ ಶುಲ್ಕವನ್ನಷ್ಟೇ ಇಳಿಸುತ್ತಿದ್ದ ಕಾರಣ 2013ರಲ್ಲಿ ತೆರಿಗೆ ನ್ಯಾಯಾಲಯದಲ್ಲಿ ಸೋತು ತನ್ನ ವಿನಾಯಿತಿಯನ್ನು ಕಳೆದುಕೊಂಡಿತು. ಸಂಗ್ರಹವಾದದ್ದು ಇಡೀ ತಂಡದ ಖರ್ಚನ್ನು ಇಳಿಸಬೇಕು. ನಿಮ್ಮ ಮಗಳ ಪ್ರವಾಸಕ್ಕೆ ನೀವು ಕಟ್ಟುವ ಹಣ ದಾನವೂ ಅಲ್ಲ. ಅದನ್ನು ದಾನವೆಂದು ತೋರಿಸಿ ತೆರಿಗೆ ಕಡಿತ ಕೇಳುವುದಾಗಲಿ, ಯಜಮಾನರ ಕಂಪನಿಯಿಂದ ಮ್ಯಾಚಿಂಗ್ (ನೌಕರರ ದಾನಕ್ಕೆ ಕಂಪನಿ ಸೇರಿಸುವ ಹಣ) ಪಡೆಯುವುದಾಗಲಿ ಸಲ್ಲದು. ನಮ್ಮ ಸಾಫ್ಟ್‌ವೇರ್ ಮಿತ್ರರು ಇದನ್ನು ಕೇಳದೇ ಬಿಡುವುದಿಲ್ಲವಾದ್ದರಿಂದ ಮುಂಚಿತವಾಗಿಯೇ ಹೇಳಿದ್ದೇನೆ.

ವೀಸಾ: ದೇಶದೊಳಗಿನ ಪ್ರಯಾಣಕ್ಕೆ ಎಚ್-4 ಯಾವ ಅಡ್ಡಿಯೂ ಅಲ್ಲ. ಹದಿನೆಂಟು ತುಂಬದವರಿಗೆ ದೇಶೀಯ ವಿಮಾನದ ಭದ್ರತಾ ತಪಾಸಣೆಯಲ್ಲಿ ಗುರುತಿನ ಚೀಟಿ ಕಡ್ಡಾಯವಲ್ಲ. ಆದರೂ ಪಾಸ್‌ಪೋರ್ಟ್ ಮತ್ತು ಐ-94ರ (ದೇಶಕ್ಕೆ ಬಂದ ದಾಖಲೆ) ಪ್ರತಿಯನ್ನು ಹೊಣೆ ಹೊತ್ತ ಹಿರಿಯರ ಕೈಯಲ್ಲಿ ಕೊಟ್ಟಿರಿ. ನಿಜವಾದ ತೊಡಕು ಬರುವುದು ಇಂಥ ಮಕ್ಕಳನ್ನು ಮುಂದಿನ ವರ್ಷ ಲಂಡನ್ನಿನ ಹೊಸ ವರ್ಷದ ಮೆರವಣಿಗೆಗೆ ಕರೆದಾಗ. ಅಮೆರಿಕದ ಪಾಸ್‌ಪೋರ್ಟ್ ಇರುವ ಸಹಪಾಠಿಗಳು 2025ರ ಜನವರಿಯಿಂದ ಜಾರಿಯಾಗಿರುವ ಬ್ರಿಟನ್ನಿನ ಇಟಿಎ ಎಂಬ ಪ್ರಯಾಣ ಅನುಮತಿಯನ್ನು ಫೋನಿನಲ್ಲೇ ಪಡೆದು ಹೊರಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ನಮ್ಮ ಮಕ್ಕಳಿಗೆ, ಗ್ರೀನ್ ಕಾರ್ಡ್ ಬಂದಿದ್ದರೂ, ಬ್ರಿಟನ್ನಿನ ಸಂದರ್ಶಕ ವೀಸಾ ಬೇಕು. ಎಚ್-4 ಸ್ಟಾಂಪಿನ ಅವಧಿ ಮುಗಿದಿದ್ದರೆ ಹಿಂತಿರುಗುವುದೇ ಕಷ್ಟ. ಮಗು ಹಣ ಕಟ್ಟಿ, ನೃತ್ಯ ಕಲಿತು, ಸಮವಸ್ತ್ರ ಹೊಲಿಸಿಕೊಂಡ ಮೇಲೆ ಇದು ತಿಳಿಯಬಾರದು.

ಪ್ರಶ್ನಿಸಿದವರಿಂದ: ಹೇಮಾವತಿ_ತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡೈರೆಕ್ಟರರು ಉತ್ತರಿಸಿದ್ದಾರೆ: ಆರ್ಲ್ಯಾಂಡೊ ಶಾಲೆಯ ಪ್ರವಾಸವಲ್ಲ, ತಂಡದಿಂದ ಹೋಗುವವರು ಇಬ್ಬರೇ, ಅವರೊಂದಿಗೆ ಅವರ ತಾಯಂದಿರೂ ಹೋಗುತ್ತಿದ್ದಾರೆ. ಫೆಬ್ರವರಿಯದು ಡಿಸ್ಟ್ರಿಕ್ಟಿನ ಅನುಮತಿ ಪಡೆದ ಪ್ರವಾಸ. ಬಸ್ಸು, ಒಂದು ರಾತ್ರಿಯ ವಾಸ, ಒಂದು ಕೋಣೆಗೆ ನಾಲ್ವರು. ಮಗಳಿಗೆ ನಿಮ್ಮೆಲ್ಲರ ಉತ್ತರಗಳನ್ನು ಓದಿ ಹೇಳಿದೆ. ತಂಡದೊಂದಿಗೆ ಹೋಗುವುದಕ್ಕೆ ಒಪ್ಪಿದ್ದಾಳೆ, ಆದರೆ ಹನ್ನೆರಡನೆಯ ತರಗತಿಯಲ್ಲಿ ಇನ್ನೊಮ್ಮೆ ಆಯ್ಕೆಯಾದರೆ ಆರ್ಲ್ಯಾಂಡೊಗೆ ಕಳುಹಿಸಲೇಬೇಕೆಂದು ಅವಳ ಅಪ್ಪನಿಂದ ಮಾತು ತೆಗೆದುಕೊಂಡಿದ್ದಾಳೆ. ಇನ್ನೊಂದೇ ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಉತ್ತರ: ಕಾಫಿತೋಟದವಳು

ಆಹಾರದ ನಮೂನೆಯಲ್ಲಿ "ವೆಜಿಟೇರಿಯನ್" ಎಂದಷ್ಟೇ ಬರೆದರೆ ಸಾಲದು. ಮೊಟ್ಟೆ, ಮೀನು, ಜೆಲಟಿನ್ ಬೇಡವೆಂದು ಬಿಡಿಸಿ ಬರೆಯಿರಿ. ಚೀಸ್ ಪಿಜ್ಜಾ ಬೇರೆ ಪೆಟ್ಟಿಗೆಯಲ್ಲಿ ಬಂದರೂ ಮೊದಲು ಖಾಲಿಯಾಗುವುದು ಅದೇ, ಹಾಗಾಗಿ ಶಾಪರೋನ್ ಒಬ್ಬರಿಗೆ ಹೇಳಿ ಅವಳ ಪಾಲನ್ನು ತೆಗೆದಿರಿಸಲು ಕೇಳಿಕೊಳ್ಳಿ. ಬಿಸಿನೀರು ಹಾಕಿದರೆ ಸಿದ್ಧವಾಗುವ ಅವಲಕ್ಕಿ, ಉಪ್ಪಿಟ್ಟಿನ ಕಪ್ಪುಗಳು ಹೋಟೆಲಿನ ಕೋಣೆಯಲ್ಲಿ ಕೆಲಸಕ್ಕೆ ಬರುತ್ತವೆ. ಆದರೆ ಅಂಗಳದೊಳಕ್ಕೆ ಹೊರಗಿನ ತಿಂಡಿಯನ್ನು ಬಿಡುವುದು ಅಪರೂಪ, ಚೀಲದ ಅಳತೆಗೂ ನಿಯಮವಿರುತ್ತದೆ. ಆದ್ದರಿಂದ ಪ್ರದರ್ಶನಕ್ಕೆ ಮೂರು ಗಂಟೆ ಮೊದಲೇ, ಬಸ್ಸಿನಲ್ಲೇ, ಮೊಸರನ್ನದಂಥ ಹಗುರವಾದುದನ್ನು ತಿನ್ನಿಸಲು ಹೇಳಿ. ಮೇಕಪ್ ಹಚ್ಚಿದ ಮೇಲೆ ಯಾರೂ ತಿನ್ನುವುದಿಲ್ಲ.