ಕೀಚಕನಿಗೆ ಚಪ್ಪಾಳೆ ತಟ್ಟುವ ನಾವು ಅವನ ತಪ್ಪನ್ನೂ ಮನ್ನಿಸುತ್ತಿದ್ದೇವೆಯೇ?

ಪ್ರಶ್ನೆ: ಡೊಂಬಿವಿಲಿಯ ಓದುಗಿ

ಕಳೆದ ಭಾನುವಾರ ಮಾಟುಂಗದ ಸಭಾಗೃಹವೊಂದರಲ್ಲಿ ‘ಕೀಚಕ ವಧೆ’ ಯಕ್ಷಗಾನವನ್ನು ನೋಡಿದೆ. ಕೀಚಕನ ಪಾತ್ರಧಾರಿ ಮೀಸೆಯ ಮೇಲೆ ಬೆರಳಾಡಿಸುತ್ತ ಸೈರಂಧ್ರಿಯ, ಅಂದರೆ ಅಜ್ಞಾತವಾಸದ ದ್ರೌಪದಿಯ, ಚೆಲುವನ್ನು ಬಣ್ಣಿಸುವ ಪದ್ಯಕ್ಕೆ ಕುಣಿದಾಗ ಸಭೆಯೆಲ್ಲ ಶಿಳ್ಳೆ ಹೊಡೆಯಿತು; ನಾನೂ ಚಪ್ಪಾಳೆ ತಟ್ಟಿದೆ. ಹಿಂತಿರುಗುವಾಗ ಲೋಕಲ್ ರೈಲಿನಲ್ಲಿ ಕಾಲೇಜು ಓದುವ ಅಕ್ಕನ ಮಗಳು, “ಪಾಪ ಚಿಕ್ಕಮ್ಮ, ಪ್ರೀತಿಸಿದ್ದಕ್ಕೆ ಅವನನ್ನು ಕೊಂದೇಬಿಟ್ಟರಲ್ಲ” ಎಂದಳು. ಒಲ್ಲೆ ಎಂದವಳನ್ನು ಬೆನ್ನಟ್ಟಿ ತುಂಬಿದ ಸಭೆಯಲ್ಲಿ ಒದ್ದವನ ನಡತೆಗೆ ಪ್ರೀತಿಯೆಂಬ ಹೆಸರು ಹೇಗೆ ಬಂತು? ಅವಳನ್ನು ಕೇಳುವ ಮೊದಲು ನನ್ನನ್ನೇ ಕೇಳಿಕೊಳ್ಳಬೇಕೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ: ಪುಣೆಯ ತಾಳಮದ್ದಳೆ ಅಭ್ಯಾಸಿ

ತಮ್ಮ ಅಕ್ಕನ ಮಗಳನ್ನು ನಾನು ದೂರಲಾರೆ, ಏಕೆಂದರೆ ಅವಳು ಕಂಡದ್ದು ಅಷ್ಟೇ. ಊರಿನಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಆಟ ನಮ್ಮ ಕಡೆ ಕಾಲಮಿತಿಯ ಪ್ರದರ್ಶನವಾದಾಗ ಕೀಚಕನ ಪ್ರವೇಶದ ಕುಣಿತಕ್ಕೆ ಯಾರೂ ಕತ್ತರಿ ಹಾಕುವುದಿಲ್ಲ. ಕತ್ತರಿ ಬೀಳುವುದು ಸೈರಂಧ್ರಿಯ ಮಾತಿಗೆ. ವಿರಾಟರಾಜನ ರಾಣಿ ಸುದೇಷ್ಣೆ ಅವಳನ್ನು ಮದ್ಯ ತರುವ ನೆಪದಲ್ಲಿ ತಮ್ಮ ಕೀಚಕನ ಮನೆಗೆ ಕಳುಹಿಸಿದ್ದು, ಅಲ್ಲಿಂದ ತಪ್ಪಿಸಿಕೊಂಡು ಆಸ್ಥಾನಕ್ಕೆ ಓಡಿಬಂದವಳು ಒದೆ ತಿಂದು ನ್ಯಾಯ ಕೇಳಿದ್ದು, ಕಂಕನ ವೇಷದಲ್ಲಿದ್ದ ಗಂಡ ಧರ್ಮರಾಯನೇ ಸಹಿಸಿ ಕುಳಿತದ್ದು, ಇವೆಲ್ಲ ನಾಲ್ಕು ಮಾತುಗಳಲ್ಲಿ ಮುಗಿದರೆ ನೋಡುವವರ ಮನಸ್ಸಿನಲ್ಲಿ ಉಳಿಯುವವನು ಕೀಚಕನೊಬ್ಬನೇ. ಅಂದು ವಿರಾಟ ಅವನನ್ನು ದಂಡಿಸಲಿಲ್ಲ. ಭಾವಮೈದುನನೆಂಬ ದಾಕ್ಷಿಣ್ಯ ಒಂದೆಡೆ, ರಾಜ್ಯ ಕಾಯುವ ಸೇನಾಪತಿಯೆಂಬ ಅಂಜಿಕೆ ಇನ್ನೊಂದೆಡೆ. ವಿರಾಟನಿಗೆ ಅವನ ತೋಳಬಲ ಬೇಕಿತ್ತು, ನಮಗೆ ಅವನ ಕುಣಿತ ಬೇಕು. ಕಲಾವಿದನಿಗೆ ಚಪ್ಪಾಳೆ ಸಲ್ಲಲೇಬೇಕು, ಅದರಲ್ಲಿ ನನಗೆ ಸಂಶಯವಿಲ್ಲ; ಆದರೆ “ಪಾಪ” ಎಂಬ ಮಾತು ಯಾರಿಗೆ ಸಲ್ಲಬೇಕೆಂಬುದು ಬೇರೆಯ ವಿಷಯ.

ಉತ್ತರ: ಮಡಗಾಂವಿನ ನಿವೃತ್ತ ಅಧ್ಯಾಪಕ

ಖಳನ ಬಗ್ಗೆ ಮರುಗುವುದೇ ತಪ್ಪೆಂದು ಯಾರೂ ತಿಳಿಯಬಾರದು. ನಾಗಚಂದ್ರನ ಜೈನ ರಾಮಾಯಣವಾದ ರಾಮಚಂದ್ರಚರಿತಪುರಾಣದ ರಾವಣ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ತೊಟ್ಟವನು. ಸೀತೆಯ ದೃಢತೆಯನ್ನು ಕಂಡು ಅವನ ಮನಸ್ಸು ತಿಳಿಯಾಗುತ್ತದೆ, ಪಶ್ಚಾತ್ತಾಪವೂ ಆಗುತ್ತದೆ. ಆದರೂ ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುವೆನೆಂಬ ಛಲ ಅವನನ್ನು ಬಿಡುವುದಿಲ್ಲ. ಓದುವಾಗ ಕರುಳು ಚುರ್ ಎನ್ನುತ್ತದೆ, ಆದರೆ ಅದು ತನ್ನ ತಪ್ಪನ್ನು ತಾನೇ ಕಂಡುಕೊಂಡವನಿಗಾಗಿ. ಕೀಚಕನಲ್ಲಿ ಅಂಥ ಒಂದು ಗಳಿಗೆಯೂ ಇಲ್ಲ. ಅವನಲ್ಲಿಲ್ಲದ ಪಶ್ಚಾತ್ತಾಪವನ್ನು ಅಭಿಮಾನಿಗಳು ತಾವೇ ಕಲ್ಪಿಸಿ ಅವನಿಗೆ ತೊಡಿಸುತ್ತಾರೆ, ಅವನ ಚೆಲುವಿಗೆ ಅದು ಒಪ್ಪುತ್ತದೆಂದು.

ಡೊಂಬಿವಿಲಿಯ ಓದುಗಿ

ಇಬ್ಬರಿಗೂ ಕೃತಜ್ಞತೆಗಳು. ಪುಣೆಯವರು ಬರೆದದ್ದನ್ನು ಓದಿದ ಮೇಲೆ ಅಂದು ಮೊಬೈಲಿನಲ್ಲಿ ಚಿತ್ರೀಕರಿಸಿದ್ದನ್ನು ತೆರೆದು ನೋಡಿದೆ. ಕೀಚಕನ ಪ್ರವೇಶವನ್ನು ಆರಂಭದಿಂದ ಕೊನೆಯವರೆಗೂ ಹಿಡಿದಿದ್ದೇನೆ. ಸೈರಂಧ್ರಿ ಬಿದ್ದಲ್ಲಿಂದ ಎದ್ದು, ಸೆರಗು ಸರಿಪಡಿಸಿಕೊಂಡು ವಿರಾಟನತ್ತ ತಿರುಗುವಷ್ಟರಲ್ಲಿ ನನ್ನ ಚಿತ್ರೀಕರಣ ನಿಂತುಹೋಗಿದೆ.